ಸಿಗಾರ್ ಆಶ್‌ಟ್ರೇ: ಲೆಕ್ಕ ಮರದಿಂದಲ್ಲ, ಕೂಲಿಯಿಂದ

"ಆಚಾರ್ರೇ, ಒಂದು ತುಂಡು ಹಲಸಿನ ಮರಕ್ಕೆ ಎರಡು ಸಾವಿರದ ನಾನೂರಾ?" ಅಂತ ಕೇಳುವವರು ಈಗಲೂ ಇದ್ದಾರೆ. ಮೊದಲೆಲ್ಲ ಈ ಮಾತು ಕಿವಿಗೆ ಬಿದ್ದ ಕೂಡಲೇ ಬೆಲೆ ಇಳಿಸುತ್ತಿದ್ದೆ. ಈಗ ಇಳಿಸುವುದಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನ ಮನೆ, ಹಿಂದಿನ ಶೆಡ್ಡಲ್ಲೇ ಕೆಲಸ. ಬಾಗಿಲು, ಕಿಟಕಿ, ಮಂಚ ಮಾಡಿಕೊಂಡಿದ್ದವನು ಏಳು ವರ್ಷದಿಂದ ಸಿಗಾರ್ ಆಶ್‌ಟ್ರೇಯನ್ನೂ ಮಾಡುತ್ತಿದ್ದೇನೆ. ದುಬೈಯಲ್ಲಿರುವ ನೆರೆಮನೆಯವರು ತಾವು ಕೆಲಸ ಮಾಡುವಲ್ಲಿನ ಯಜಮಾನರಿಗೆ ಕೊಡಲಿಕ್ಕೆ ಒಂದು ಬೇಕು ಅಂದರು, ಅಲ್ಲಿಂದ ಶುರು. ನೀವೂ ಮಾಡಿ ಮಾರುವುದಾದರೆ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ವಸ್ತು ಸರಿ ಇರಬೇಕು. ಸಿಗರೇಟಿನ ಆಶ್‌ಟ್ರೇಯನ್ನೇ ದೊಡ್ಡದು ಮಾಡಿದರೆ ಸಿಗಾರಿನದ್ದಾಗುವುದಿಲ್ಲ. ಸಿಗರೇಟನ್ನು ಒತ್ತಿ ನಂದಿಸುತ್ತಾರೆ. ಸಿಗಾರನ್ನು ಮಲಗಿಸಿ ಇಡುತ್ತಾರೆ, ಅದು ತಾನಾಗಿ ನಂದುತ್ತದೆ. ಹಾಗಾಗಿ ಮಲಗಲು ಉದ್ದದ ಚಡಿ ಬೇಕು, ಕಡಿಮೆ ಅಂದರೆ ಎರಡು ಇಂಚು. ಸಿಗಾರಿನ ದಪ್ಪವನ್ನು ರಿಂಗ್ ಗೇಜಿನಲ್ಲಿ ಹೇಳುತ್ತಾರೆ. ಒಂದು ಇಂಚನ್ನು 64 ಪಾಲು ಮಾಡಿದರೆ ಅದರಲ್ಲಿ ಎಷ್ಟು ಪಾಲು ಅಂತ ಆ ಲೆಕ್ಕ. ರೊಬಸ್ಟೊ ಅನ್ನುವ ಜಾತಿ 50 ಗೇಜಿನದ್ದು, ಐದು ಇಂಚು ಉದ್ದ. ಅಂದರೆ ಸುಮಾರು 20 ಮಿಲಿಮೀಟರ್ ದಪ್ಪ. 60 ಗೇಜಿನದ್ದು 24 ಮಿಲಿಮೀಟರಿನ ಹತ್ತಿರ ಬರುತ್ತದೆ. ನಾನು ಎರಡು ಚಡಿ ತೆಗೆಯುತ್ತೇನೆ, ಒಂದು 22, ಇನ್ನೊಂದು 26.

ನನಗೆ ಸೇದುವ ಅಭ್ಯಾಸ ಇಲ್ಲ, ಮನೆಯಲ್ಲಿ ಸಿಗಾರೂ ಇಲ್ಲ. ವಯರಿಂಗಿಗೆ ಹಾಕುವ 20 ಮಿಲಿಮೀಟರಿನ ಪೈಪನ್ನು ಐದು ಇಂಚಿಗೆ ತುಂಡು ಮಾಡಿ ಇಟ್ಟುಕೊಂಡಿದ್ದೇನೆ. ಅದನ್ನು ಚಡಿಯಲ್ಲಿಟ್ಟು ನೋಡುತ್ತೇನೆ. ಉರಿಯುವ ತುದಿ ಬಟ್ಟಲಿನ ಮೇಲೆ ಒಂದು ಇಂಚು ಚಾಚಿರಬೇಕು. ಮೇಜಿಗೆ ಕೈ ತಾಗಿದರೂ ಉರುಳಬಾರದು. ಅದೇ ಪೈಪಿಗೆ ಸ್ಯಾಂಡ್ ಪೇಪರ್ ಸುತ್ತಿ ಉಜ್ಜಿದರೆ ಚಡಿಯ ತಳ ಚಂದ ದುಂಡಗೆ ಬರುತ್ತದೆ.

ಬರೀ ಮರದ ಮೇಲೆ ಕೆಂಡ ಬೀಳುವ ಹಾಗೆ ಮಾಡಬೇಡಿ, ಕರಟುತ್ತದೆ. ನಾನು ನಾಲ್ಕು ಇಂಚಿನ ಹಿತ್ತಾಳೆ ಬಟ್ಟಲು ಕೂರಿಸುತ್ತೇನೆ, ತೆಗೆದು ತೊಳೆಯಲಿಕ್ಕೆ ಬರುವ ಹಾಗೆ. ಇದರಲ್ಲೇ ನನಗೆ ದೊಡ್ಡ ಪೆಟ್ಟು ಬಿದ್ದದ್ದು. ಮೂರನೇ ಆಶ್‌ಟ್ರೇ ಮಾಡಿದ್ದು ಜುಲೈಯಲ್ಲಿ. ಬಟ್ಟಲು ಎಷ್ಟು ಬಿಗಿಯಾಗಿ ಕೂತಿತ್ತು ಅಂದರೆ ಸಂದಿಯಲ್ಲಿ ಕಾಗದ ತೂರಿಸಲಿಕ್ಕೂ ಆಗುತ್ತಿರಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ. ಅದು ಬೆಂಗಳೂರಿನ ಒಂದು ಎಸಿ ಕೋಣೆಗೆ ಹೋಯಿತು. ಒಂದೂವರೆ ತಿಂಗಳಲ್ಲಿ ವಾಟ್ಸಾಪಿಗೆ ಫೋಟೋ ಬಂತು. ಬಟ್ಟಲಿನ ಅಂಚಿನಿಂದ ಮರದ ಕೊನೆಯವರೆಗೆ, ನಾರಿನ ಗುಂಟ, ಕೂದಲೆಳೆಯಂಥ ಬಿರುಕು. ಮರುವಾರ ಇನ್ನೊಂದು ಫೋಟೋ. ಆಗ ಉಗುರು ಹೋಗುವಷ್ಟು ಬಾಯಿ ಬಿಟ್ಟಿತ್ತು. ಮಳೆಗಾಲದ ಪಸೆ ಕುಡಿದ ಮರ ಒಣ ಕೋಣೆಯಲ್ಲಿ ಕುಗ್ಗಿತು, ಹಿತ್ತಾಳೆ ಕುಗ್ಗಲಿಲ್ಲ. ಬೇರೆ ಮಾಡಿ ಕಳಿಸಿದೆ, ಕೊರಿಯರಿನ ಖರ್ಚೂ ಹಾಕಿಕೊಂಡೆ.

ಈಗ ಬಟ್ಟಲಿನ ಸುತ್ತ ಎರಡು ಮಿಲಿಮೀಟರ್ ಸಡಿಲ ಬಿಡುತ್ತೇನೆ. ಹಲಗೆಯನ್ನು ನೆರಳಲ್ಲಿ ಒಂದು ವರ್ಷ ಒಣಗಿಸಿ, ಫೆಬ್ರವರಿಯಿಂದ ಏಪ್ರಿಲಿನೊಳಗೆ ಕೆಲಸ ಮುಗಿಸುತ್ತೇನೆ. ಗಿರಾಕಿಗಳು ಜಾಸ್ತಿ ಬರುವುದು ಗಲ್ಫಿನ ಶಾಲೆಗಳಿಗೆ ರಜೆ ಸಿಗುವ ಜುಲೈ-ಆಗಸ್ಟಿನಲ್ಲಿ, ಅಂದರೆ ನಮ್ಮ ಜಡಿಮಳೆಯಲ್ಲಿ. ಆಗ ಆರ್ಡರ್ ಹಿಡಿದು ಆಗಲೇ ಮಾಡಲು ಕೂತರೆ ಕೆಲಸ ಕೆಟ್ಟಿತು. ಬೇಸಿಗೆಯಲ್ಲೇ ಮಾಡಿ ಇಟ್ಟಿರಬೇಕು.

ಮರ ಹಲಸಿನದ್ದೇ ಸಾಕು. ಹಳದಿ ಬಣ್ಣ ವರ್ಷ ಹೋದ ಹಾಗೆ ಕಂದಾಗಿ ಚಂದವಾಗುತ್ತದೆ. ಬೀಟೆ ಕೇಳುವವರಿದ್ದಾರೆ, ಆದರೆ ಅದಕ್ಕೆ ಬಿಲ್ಲು, ಕಾಗದಪತ್ರ ಸರಿ ಇರಲೇಬೇಕು. 2017ರಿಂದ ಅದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲೂ ಉಂಟು. ಫ್ರೆಂಚ್ ಪಾಲಿಶ್ ಹಾಕಬೇಡಿ, ಅದರ ಅರಗು ಬಿಸಿಗೆ ಮೆತ್ತಗಾಗುತ್ತದೆ. ಲಿನ್ಸೀಡ್ ಎಣ್ಣೆಯನ್ನು ಮೂರು ಸಲ ತೆಳ್ಳಗೆ ತಿಕ್ಕಿದರೆ ಸಾಕು. ತಿಕ್ಕಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದಕ್ಕೆ ತಾನಾಗಿ ಬೆಂಕಿ ಹತ್ತಬಹುದು, ಬಿಡಿಸಿ ಹರಡಿ ಒಣಗಿಸಿ. ಗೆದ್ದಲಿಗೆ ಅಂತ ನಮ್ಮಲ್ಲಿ ಮಾಡಿನ ಪಕ್ಕಾಸಿಗೆ ಬಳಿಯುವ ಗೇರು ಎಣ್ಣೆಯೂ ಬೇಡ. ಚರ್ಮ ಸುಡುವ ಎಣ್ಣೆ ಅದು, ಕೈಯಲ್ಲಿ ಹಿಡಿಯುವ ವಸ್ತುವಿಗಲ್ಲ.

ಇನ್ನು ಬೆಲೆ. ನನ್ನ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಎಲೆ ನೆನೆಸಿದ್ದು, ಕತ್ತರಿಸಿದ್ದು, ಬ್ರಾಂಚಿಗೆ ನಡೆದು ಹೋಗಿ ಸಾಲಲ್ಲಿ ಕಾದದ್ದು, ಇದ್ಯಾವುದಕ್ಕೂ ಬೇರೆ ಲೆಕ್ಕ ಇಲ್ಲ. ನಾನೂ ಮೊದಲು ಹಾಗೇ ಮಾಡಿದೆ. ಮರಕ್ಕೆ ಇಷ್ಟು, ಬಟ್ಟಲಿಗೆ ಇಷ್ಟು, ಮೇಲೊಂದು ಮುನ್ನೂರು ಅಂತ 700 ರೂಪಾಯಿಗೆ ಕೊಟ್ಟೆ. ಬಾಗಿಲಿನ ಕೆಲಸಕ್ಕೆ ಹೋದರೆ ದಿನಕ್ಕೆ 1,200 ಸಿಗುವ ಕೈಗೆ ಆಶ್‌ಟ್ರೇ ಮಾಡುವಾಗ ಅರ್ಧ ಕೂಲಿಯೂ ಬರಲಿಲ್ಲ. ಆಮೇಲೆ ಗೋಡೆಗೆ ಒಂದು ಕ್ಯಾಲೆಂಡರ್ ತೂಗಿ, ಕೆಲಸಕ್ಕೆ ಕೂತ ಹೊತ್ತು, ಎದ್ದ ಹೊತ್ತು ಬರೆದೆ. ಒಂದು ಆಶ್‌ಟ್ರೇಗೆ ಐದು ಗಂಟೆ. ಅದರಲ್ಲಿ ಎರಡು ಗಂಟೆ ಉಜ್ಜುವುದಕ್ಕೇ.

ಈಗಿನ ನನ್ನ ಲೆಕ್ಕ ಇದು. ಗಂಟೆಗೆ 150ರಂತೆ ಐದು ಗಂಟೆಯ ಕೂಲಿ 750. ಮರ 8 ಇಂಚು ಉದ್ದ, 6 ಅಗಲ, 2 ದಪ್ಪ, ಅಂದರೆ 96 ಘನ ಇಂಚು. ಒಂದು ಘನ ಅಡಿಯಲ್ಲಿ 1,728 ಘನ ಇಂಚು. ಮಿಲ್ಲಿನಲ್ಲಿ ಘನ ಅಡಿಗೆ 1,800 ಕೊಟ್ಟರೆ ತುಂಡಿಗೆ 100 ಆಯಿತು, ಗಂಟು-ಸಿಪ್ಪೆ ಹೋಗುವುದಕ್ಕೆ ಅರ್ಧ ಸೇರಿಸಿ 150. ಬಟ್ಟಲು 220. ಸ್ಯಾಂಡ್ ಪೇಪರ್, ಎಣ್ಣೆ, ತಳಕ್ಕೆ ಅಂಟಿಸುವ ಬಟ್ಟೆ 60. ಕರೆಂಟು, ಉಳಿ-ಬ್ಲೇಡಿನ ಸವೆತ 50. ಪೆಟ್ಟಿಗೆ 90. ಒಟ್ಟು 1,320. ಹತ್ತರಲ್ಲಿ ಒಂದು ಬಿರುಕು ಬಿಟ್ಟು ಹಾಳಾಗುತ್ತದೆ, ಅದರ ಖರ್ಚನ್ನು ಉಳಿದವು ಹೊರಬೇಕಲ್ವಾ? ಅದನ್ನೂ ಸೇರಿಸಿ 1,450 ಅಂತ ಹಿಡಿಯುತ್ತೇನೆ. ಇದಕ್ಕಿಂತ ಕೆಳಗೆ ಮಾರಿದರೆ ನಾವೇ ದುಡ್ಡು ಕೊಟ್ಟು ಕಳಿಸಿದ ಹಾಗೆ.

ಅಂಗಡಿಗೆ ಇಡುವುದಾದರೆ ಇಲ್ಲಿ ಎಚ್ಚರ. ಅಂಗಡಿಯವರು 30 ಪರ್ಸೆಂಟ್ ಕಮಿಷನ್ ಕೇಳಿದರು, ನಾನು ಸುಮ್ನೆ 1,450ಕ್ಕೆ 30 ಪರ್ಸೆಂಟ್ ಸೇರಿಸಿ 1,885 ಮಾಡಿದೆ. ಅವರು ಮುರಿದುಕೊಂಡದ್ದು 1,885ರ ಮೇಲೆ. ಕೈಗೆ ಬಂದದ್ದು 1,320, ಅಂದರೆ ಒಡೆದುಹೋದವುಗಳ ಖರ್ಚೂ ಹುಟ್ಟಲಿಲ್ಲ. ನೂರಕ್ಕೆ ಮೂವತ್ತು ಸೇರಿಸಿ, ಬಂದದ್ದರಲ್ಲಿ ನೂರಕ್ಕೆ ಮೂವತ್ತು ತೆಗೆದರೆ ಉಳಿಯುವುದು 91, ನೂರಲ್ಲ. ಹಾಗಾಗಿ 1,450ನ್ನು 0.7ರಿಂದ ಭಾಗಿಸಬೇಕು. 2,071 ಬರುತ್ತದೆ. ಅದು ಅಸಲು. ಲಾಭ ಅದರ ಮೇಲೆ. ನಾನು 2,400 ಇಟ್ಟಿದ್ದೇನೆ. ಅಂಗಡಿಯಿಂದ 1,680 ಬರುತ್ತದೆ. ಮನೆಗೆ ಬಂದವರಿಗೂ ಅದೇ 2,400. ಮನೆಯಲ್ಲಿ ಕಡಿಮೆಗೆ ಕೊಟ್ಟರೆ ಅಂಗಡಿಯವರು ನಮ್ಮನ್ನು ಯಾಕೆ ನಂಬುತ್ತಾರೆ?

ಬೇಕಲದ ಹೋಟೆಲುಗಳಿಗೆ ಡಜನ್‌ಗಟ್ಟಲೆ ಮಾರಬಹುದು ಅಂತ ಆಸೆಪಟ್ಟಿದ್ದೆ. ಆದರೆ 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಆಶ್‌ಟ್ರೇ ಇಡುವಂತೆಯೇ ಇಲ್ಲ. 30 ಅಥವಾ ಜಾಸ್ತಿ ಕೋಣೆಗಳ ಹೋಟೆಲು ಸೇದುವವರಿಗೆ ಬೇರೆ ಜಾಗ ಮಾಡಬಹುದು, ಅಷ್ಟೇ. ನಿಯಮ ಒಳ್ಳೆಯದೇ. ನಾವು ಹುಡುಕಬೇಕಾದದ್ದು ಮನೆಗೆ ಕೊಳ್ಳುವವರನ್ನು, ಉಡುಗೊರೆಗೆ ಕೊಳ್ಳುವವರನ್ನು. ಸಿಗಾರ್ ಕಂಪೆನಿಯ ಗುರುತು ಕೆತ್ತಿಕೊಡಿ ಅಂದರೆ ಒಪ್ಪಬೇಡಿ, ಆ ಗುರುತು ಅವರದ್ದು. ಗಿರಾಕಿಯ ಹೆಸರು ಕೆತ್ತಿ, ಅದಕ್ಕೆ 200 ತೆಗೆದುಕೊಳ್ಳಿ.

ಮಂಗಳೂರು ನಮಗೆ ಪಕ್ಕದ ಪೇಟೆ, ಆದರೆ ತಲಪಾಡಿ ದಾಟಿದರೆ ಬೇರೆ ರಾಜ್ಯ. ಜಿಎಸ್‌ಟಿ ನೋಂದಣಿ ಇಲ್ಲದೆ ಕರಕುಶಲ ವಸ್ತು ಮಾರಲು ಸಣ್ಣ ಕೆಲಸಗಾರರಿಗೆ ರಿಯಾಯಿತಿ ಉಂಟು. ಆದರೆ ಮಾಲಿನ ಬೆಲೆ ಎಷ್ಟೇ ಕಡಿಮೆ ಇರಲಿ, ಇ-ವೇ ಬಿಲ್, ಅಂದರೆ ಸರಕು ಸಾಗಿಸಲಿಕ್ಕೆ ಆನ್‌ಲೈನಲ್ಲಿ ಮಾಡಿಸುವ ಚೀಟಿ, ಮಾಡಿಸಿಯೇ ಸಾಗಿಸಬೇಕು.

ಫೋಟೋ ಬೆಳಗ್ಗೆ ಎಂಟರ ಬಿಸಿಲಲ್ಲಿ, ಜಗಲಿಯಲ್ಲಿಟ್ಟು ತೆಗೆಯಿರಿ, ನಾರಿನ ಗೆರೆ ಎದ್ದು ಕಾಣುತ್ತದೆ. ಚಡಿಯ ಅಗಲ, ತೂಕ ಎರಡನ್ನೂ ಬರೆಯಿರಿ. ವಿಮಾನದಲ್ಲಿ ಒಯ್ಯುವವರು ಮೊದಲು ಕೇಳುವುದೇ ತೂಕ. ಪ್ಯಾಕ್ ಮಾಡುವಾಗ ಬಟ್ಟಲನ್ನು ಹೊರಗೆ ತೆಗೆದು ಬೇರೆ ಸುತ್ತಿ. ಒಳಗೇ ಬಿಟ್ಟರೆ ದಾರಿಯುದ್ದಕ್ಕೂ ಕುಲುಕಿ, ಎರಡು ಗಂಟೆ ಉಜ್ಜಿದ ಚಡಿಯ ಅಂಚು ಜಜ್ಜಿಹೋಗುತ್ತದೆ.