ಅತಂತ್ರ ವಿಧಾನಸಭೆ ಬಂದರೆ ಸರ್ಕಾರ ಕಟ್ಟುವುದು ಹೇಗೆ?

ಮೊದಲು ಲೆಕ್ಕ. 2018ರ ಮೇ ತಿಂಗಳಲ್ಲಿ ರಾಜ್ಯದ 224 ಕ್ಷೇತ್ರಗಳ ಪೈಕಿ 222ರ ಫಲಿತಾಂಶ ಬಂದಾಗ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ದಡ ಸೇರಲು ಬೇಕಿದ್ದದ್ದು 112. ಎಣಿಕೆ ಮುಗಿಯುವ ಮೊದಲೇ ಕಾಂಗ್ರೆಸ್ ತನ್ನ ಅರ್ಧದಷ್ಟಿದ್ದ ಜೆಡಿಎಸ್‌ಗೆ ಮುಖ್ಯಮಂತ್ರಿ ಕುರ್ಚಿ ಬಿಟ್ಟುಕೊಟ್ಟಿತು. ರಾಜಿ ಶುರುವಾಗುವುದೇ ಹೀಗೆ, ಕೈಯಲ್ಲಿರುವ ದೊಡ್ಡ ತುತ್ತನ್ನು ಬಿಡುವುದರಿಂದ.

ಆಮೇಲೆ ಬೆಂಬಲ ಪತ್ರ ಹಿಡಿದು ರಾಜಭವನಕ್ಕೆ. ಆಗ ರಾಜ್ಯಪಾಲರು ಕರೆದದ್ದು ಅತಿ ದೊಡ್ಡ ಪಕ್ಷವನ್ನು. ಬಹುಮತ ಸಾಬೀತಿಗೆ ಕೊಟ್ಟ 15 ದಿನವನ್ನು ಸುಪ್ರೀಂ ಕೋರ್ಟ್ ಮೇ 19ಕ್ಕೆ ಇಳಿಸಿತು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು; ಕಾಂಗ್ರೆಸ್–ಜೆಡಿಎಸ್ ಸರ್ಕಾರ ಬಂತು. ತಲೆ ಎಣಿಸಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂಬ 1994ರ ತೀರ್ಪು ಕೂಡ ನಮ್ಮವರೇ ಆದ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದ್ದು. ಅಲ್ಲಿಯವರೆಗೆ ಶಾಸಕರನ್ನು ಬಸ್ಸಿಗೆ ಹತ್ತಿಸಿ ರೆಸಾರ್ಟಿನಲ್ಲಿ ಕಾಯುವುದು ಯಾವ ಸಂವಿಧಾನದಲ್ಲೂ ಇಲ್ಲ, ಆದರೆ ಯಾರೂ ಬಿಟ್ಟಿಲ್ಲ.

ನಿಜವಾದ ತಲೆನೋವು ಖಾತೆ ಹಂಚಿಕೆ. ಸಂಪುಟ ಸದನದ ಶೇ 15 ಮೀರುವಂತಿಲ್ಲ. 224ಕ್ಕೆ ಅದು 34 ಕುರ್ಚಿ, ಮುಖ್ಯಮಂತ್ರಿಯೂ ಸೇರಿ. ಕಾಂಗ್ರೆಸ್‌ಗೆ 22, ಜೆಡಿಎಸ್‌ಗೆ 12 ಎಂದಾಯಿತು. ಗೃಹ ಕಾಂಗ್ರೆಸ್‌ಗೆ, ಹಣಕಾಸು ಜೆಡಿಎಸ್‌ಗೆ. ಇನ್ನು ಜಿಲ್ಲೆ, ಜಾತಿ, ಮೂಲ–ವಲಸಿಗ ಬಣ, ಎಲ್ಲವನ್ನೂ ಇಷ್ಟರಲ್ಲೇ ಹೊಂದಿಸಬೇಕು. ಉಳಿದ 80 ಮಂದಿಯನ್ನು ನಿಗಮ–ಮಂಡಳಿ ತೋರಿಸಿ ಎಷ್ಟು ದಿನ ಸಮಾಧಾನಪಡಿಸಬಹುದು?

ಒಪ್ಪಂದದಲ್ಲಿ ಯಾರಿಗೆ ಏನು, ಯಾವಾಗ ಎಂಬುದು ಲಿಖಿತವಾಗಿರಲಿ. 2006ರ ಜೆಡಿಎಸ್–ಬಿಜೆಪಿ ಇಪ್ಪತ್ತು–ಇಪ್ಪತ್ತು ತಿಂಗಳ ಒಪ್ಪಂದದಲ್ಲಿ ಅಧಿಕಾರ ಹಸ್ತಾಂತರದ ಹೊತ್ತಿಗೇ ಜಗಳವಾಯಿತು; ಕೊನೆಗೆ ಬಿಜೆಪಿಗೆ ಸಿಕ್ಕಿದ್ದು 2007ರ ನವೆಂಬರ್‌ನಲ್ಲಿ ಒಂದು ವಾರ.

2018ರಲ್ಲಿ ಸಮನ್ವಯ ಸಮಿತಿಯೂ ಇತ್ತು. ಎಡವಿದ್ದು ಕೆಳಗೆ ಎಂಬುದು ನನ್ನ ಅನಿಸಿಕೆ. ಹಳೆ ಮೈಸೂರಿನ ಊರೂರಲ್ಲಿ ಕಾಂಗ್ರೆಸ್, ಜೆಡಿಎಸ್‌ನವರೇ ಪರಸ್ಪರ ಎದುರಾಳಿಗಳು. ಬೆಂಗಳೂರಿನಲ್ಲಿ ಕೈ ಕುಲುಕಿದ ಮಾತ್ರಕ್ಕೆ ಹಳ್ಳಿಕಟ್ಟೆಯಲ್ಲಿ ಒಟ್ಟಿಗೆ ಕೂರುತ್ತಾರೆಯೇ? 2019ರ ಲೋಕಸಭೆಯಲ್ಲಿ 28ಕ್ಕೆ ತಲಾ ಒಂದೇ ಸ್ಥಾನ ಬಂತು.

ಅಷ್ಟರಲ್ಲಿ ಅತೃಪ್ತರು ಬಾಗಿಲು ಹುಡುಕಿದ್ದರು. ಪಕ್ಷಾಂತರ ಮಾಡಿದರೆ ಸದಸ್ಯತ್ವ ಹೋಗುತ್ತದೆ, ಹಾಗಾಗಿ ರಾಜೀನಾಮೆ ಕೊಟ್ಟರು. ಜುಲೈ 23ರಂದು ವಿಶ್ವಾಸಮತ 99–105ರಲ್ಲಿ ಬಿತ್ತು. ಸ್ಪೀಕರ್ 17 ಮಂದಿಯನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಸ್ಪರ್ಧೆಗೆ ಅವಕಾಶ ಕೊಟ್ಟಿತು. ಡಿಸೆಂಬರ್ ಉಪಚುನಾವಣೆಗೆ ನಿಂತವರಲ್ಲಿ ಹೆಚ್ಚಿನವರು ಗೆದ್ದು, ಅದೇ ಸದನಕ್ಕೆ ಬೇರೆ ಬಾವುಟ ಹಿಡಿದು ಬಂದರು.