ಆ ‘ಧಡ್’ ಸದ್ದು ಹೇಗೆ ನಿಂತಿತು

ವರ್ಷಗಟ್ಟಲೆ ಕ್ಲಚ್ ತುಳಿದು ಆಟೊಮ್ಯಾಟಿಕ್ ಕಾರಿಗೆ ಬಂದವನು ನಾನು. ಎಡಗಾಲಿಗೆ ನಿವೃತ್ತಿ ಸಿಕ್ಕಿದ ಖುಷಿಯಲ್ಲಿ ನಿಲ್ಲಿಸುವ ಕೆಲಸವನ್ನೂ ಹಗುರವಾಗಿ ತೆಗೆದುಕೊಂಡೆ. ಬ್ರೇಕ್ ಒತ್ತಿ, ಗೇರ್ ಲಿವರನ್ನು ‘ಪಿ’ಗೆ, ಅಂದರೆ ಪಾರ್ಕಿಂಗ್‌ಗೆ ತಳ್ಳಿ, ಇಳಿದು ಹೋಗುತ್ತಿದ್ದೆ. ನೆನಪಾದರೆ ಹ್ಯಾಂಡ್‌ಬ್ರೇಕ್, ಅದೂ ಕೊನೆಗೆ.

ಸಮತಟ್ಟಾದ ಜಾಗದಲ್ಲಿ ಇದು ನಡೆಯಿತು. ಇಳಿಜಾರಿನಲ್ಲಿ ಮಾತ್ರ, ಬ್ರೇಕಿನಿಂದ ಕಾಲೆತ್ತಿದೊಡನೆ ಕಾರು ತುಸು ಜಾರಿ ಏನನ್ನೋ ತಾಗಿ ನಿಲ್ಲುತ್ತಿತ್ತು. ಮರುದಿನ ಲಿವರ್ ‘ಪಿ’ ಬಿಟ್ಟು ಬರಲು ಒಪ್ಪುತ್ತಿರಲಿಲ್ಲ. ಬಲವಾಗಿ ಎಳೆದರೆ ಕೆಳಗಿನಿಂದ ‘ಧಡ್’. ಗೇರ್‌ಬಾಕ್ಸ್ ಹೋಯಿತೆಂದೇ ಹೆದರಿದೆ.

ಮೆಕ್ಯಾನಿಕ್ ನನ್ನ ಕಾರನ್ನು ಮುಟ್ಟಲೇ ಇಲ್ಲ. ಬಿಚ್ಚಿಟ್ಟಿದ್ದ ಬೇರೊಂದು ಗೇರ್‌ಬಾಕ್ಸಿನ ಬಳಿ ಕರೆದೊಯ್ದು ಒಂದು ಹಲ್ಲುಚಕ್ರವನ್ನೂ ಅದರ ಪಕ್ಕದ ಸಣ್ಣ ಉಕ್ಕಿನ ಕೊಕ್ಕೆಯನ್ನೂ ತೋರಿಸಿದರು. ಅದೇ ಪಾರ್ಕಿಂಗ್ ಪಾಲ್. ‘ಪಿ’ಗೆ ಹಾಕಿದಾಗ ಆ ಕೊಕ್ಕೆ ಹಲ್ಲುಗಳ ಸಂದಿಗೆ ಇಳಿದು, ಚಕ್ರಗಳಿಗೆ ಶಕ್ತಿ ಒಯ್ಯುವ ದಂಡವನ್ನು ತಿರುಗದಂತೆ ಹಿಡಿಯುತ್ತದೆ. ಗೇರ್‌ಬಾಕ್ಸಿನೊಳಗಿನ ಒಂದು ಅಗುಳಿ ಎನ್ನಿ. ‘ಇಡೀ ಕಾರನ್ನು ಇದಕ್ಕೆ ನೇತುಹಾಕುತ್ತಿದ್ದೀರಿ ಸಾರ್’ ಎಂದರು.

ಅಂದಿನಿಂದ ಕ್ರಮ ಬದಲಿಸಿದೆ. ಕಾರು ಪೂರ್ತಿ ನಿಂತ ಮೇಲೆ, ಬ್ರೇಕ್ ಒತ್ತಿಕೊಂಡೇ ‘ಎನ್’ಗೆ, ಅಂದರೆ ನ್ಯೂಟ್ರಲ್‌ಗೆ ಹಾಕುತ್ತೇನೆ. ಹ್ಯಾಂಡ್‌ಬ್ರೇಕನ್ನು ಗಟ್ಟಿಯಾಗಿ ಎಳೆಯುತ್ತೇನೆ. ಆಮೇಲೆ ಬ್ರೇಕನ್ನು ಮೆಲ್ಲಗೆ ಸಡಿಲಿಸಿದರೆ ಕಾರು ಕೊಂಚ ಅಲುಗಿ ಹ್ಯಾಂಡ್‌ಬ್ರೇಕಿನ ಮೇಲೆ ಭಾರ ಬಿಟ್ಟು ಕೂರುತ್ತದೆ. ಆ ಕೂರುವಿಕೆ ಸೀಟಿನಲ್ಲೇ ಗೊತ್ತಾಗುತ್ತದೆ. ಮತ್ತೆ ಬ್ರೇಕ್ ಒತ್ತಿ ‘ಪಿ’. ಹೊರಡುವಾಗ ಇದರ ತಿರುಗುಮುರುಗು: ಬ್ರೇಕ್ ಒತ್ತಿ ಮೊದಲು ‘ಪಿ’ ಬಿಡಿಸಿ, ಹ್ಯಾಂಡ್‌ಬ್ರೇಕನ್ನು ಕೊನೆಗೆ ಇಳಿಸುತ್ತೇನೆ. ಬರೆದರೆ ಉದ್ದ, ಮಾಡಲು ಐದಾರು ಸೆಕೆಂಡು. ‘ಧಡ್’ ಮೊದಲ ದಿನವೇ ನಿಂತಿತು.

ಅಭ್ಯಾಸ ಕೂರಲು ಮಾತ್ರ ಸಮಯ ಹಿಡಿಯಿತು. ಒಮ್ಮೆ ಅವಸರದಲ್ಲಿ ಕಾರು ಇನ್ನೂ ತೆವಳುತ್ತಿರುವಾಗಲೇ ‘ಪಿ’ಗೆ ತಳ್ಳಿದೆ. ಕಟಕಟಕಟ ಎಂದು ಹಲ್ಲು ಕಡಿಯುವ ಸದ್ದು! ಕೊಕ್ಕೆ ಕೂರಲು ಜಾಗ ಸಿಗದೆ ಹಲ್ಲಿನಿಂದ ಹಲ್ಲಿಗೆ ನೆಗೆಯುತ್ತಿತ್ತು. ಹಾಗೆಯೇ ಮುಂದುವರಿದರೆ ಮುರಿಯುವುದು ಅದೇ ಕೊಕ್ಕೆ.

ಜ್ಯಾಕ್ ಹಾಕುವಾಗಂತೂ ‘ಪಿ’ಯನ್ನು ನಾನು ನಂಬುವುದಿಲ್ಲ. ನನ್ನದು ಮುಂದಿನ ಚಕ್ರಗಳಿಂದ ಓಡುವ ಕಾರು. ಮುಂದಿನ ಒಂದು ಚಕ್ರ ನೆಲಬಿಟ್ಟರೆ ಅದು ಹಿಮ್ಮುಖವಾಗಿ ತಿರುಗುತ್ತಾ ಇನ್ನೊಂದಕ್ಕೆ ಉರುಳಲು ದಾರಿ ಮಾಡಿಕೊಡುತ್ತದೆ. ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದೇ ಹಾಗೆ. ಆದ್ದರಿಂದ ಹಿಂದಿನ ಚಕ್ರಗಳನ್ನು ಹಿಡಿಯುವ ಹ್ಯಾಂಡ್‌ಬ್ರೇಕ್ ಬೇಕೇ ಬೇಕು, ಚಕ್ರಕ್ಕೆ ಕಲ್ಲೂ ಬೇಕು.

ಗೆಳೆಯನ ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸಿನ ಕ್ಲಚ್, ಗೇರ್ ಕೆಲಸವನ್ನು ಯಂತ್ರವೇ ಮಾಡುವ) ಕಾರಿನಲ್ಲಿ ‘ಪಿ’ ಹುಡುಕಿ ಬೆಪ್ಪಾದದ್ದೂ ಉಂಟು. ಅಂಥ ಅನೇಕ ಕಾರುಗಳಲ್ಲಿ ಅದು ಇರುವುದೇ ಇಲ್ಲ. ಇತ್ತೀಚೆಗೆ ಓಡಿಸಿದ ಇನ್ನೊಂದರಲ್ಲಿ ಲಿವರಿನ ಬದಲು ಗುಂಡಿ. ಒತ್ತಿದರೂ ಕೈಗೆ ಏನೂ ತಿಳಿಯದು. ಅಲ್ಲಿ ಮೀಟರ್ ಫಲಕದಲ್ಲಿ ‘ಪಿ’ ಬೆಳಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಸೀಟ್‌ಬೆಲ್ಟ್ ಬಿಚ್ಚಿದೆ.