123456789 ಒಡೆಯಲು ಹೋಗಿ ಮೂರು ಸಂಜೆ ಕಳೆದ ಕಥೆ

ಕ್ಯಾಲ್ಕುಲೇಟರ್ ಕೈಗೆ ಸಿಕ್ಕರೆ ಒಂದರಿಂದ ಒಂಬತ್ತರವರೆಗೆ ಸಾಲಾಗಿ ಒತ್ತಿ ನೋಡುತ್ತೇವೆ, ಅಲ್ವಾ? ಆ 123456789 ಯಾವ ಯಾವ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ ಅಂತ ಬರೀ ಪೆನ್ನು, ಹಾಳೆ ಹಿಡಿದು ಹುಡುಕೋಣ ಅಂತ ಒಂದು ಸಂಜೆ ಸುಮ್ನೆ ಕೂತೆ.

ಶುರುವೇನೋ ಸಲೀಸು. ಅಂಕಿಗಳನ್ನೆಲ್ಲ ಕೂಡಿದರೆ 45, ಅಂದರೆ 9ರಿಂದ ಭಾಗ ಹೋಗುತ್ತದೆ. (ಈ ಒಂಬತ್ತು ಅಂಕಿಗಳನ್ನು ಹೇಗೆ ಅದಲುಬದಲು ಮಾಡಿದರೂ ಮೊತ್ತ 45 ತಾನೇ, ಹಾಗಾಗಿ ಅವುಗಳಲ್ಲಿ ಒಂದೂ ಅವಿಭಾಜ್ಯ ಆಗಲ್ಲ.) ಉಳಿದದ್ದು 13717421. ಇದರ ಅಂಕಿಗಳ ಮೊತ್ತ 26, ಹಾಗಾಗಿ 3ರ ಆಟ ಅಲ್ಲಿಗೇ ಮುಗಿಯಿತು.

ಆಮೇಲೆ ಕತ್ತೆ ಚಾಕರಿ. 7ರಿಂದ ಭಾಗಿಸಿದರೆ ಶೇಷ 4, 13ರಿಂದ 3, 17ರಿಂದ 2. ಒಮ್ಮೆ 91 ಅನ್ನೂ ಅವಿಭಾಜ್ಯ ಅಂದುಕೊಂಡು ಭಾಗಿಸಿಬಿಟ್ಟಿದ್ದೆ, ಅದು 7 × 13 ಅಂತ ಹೊಳೆದದ್ದು ಹಾಳೆ ತಿರುಗಿಸಿದ ಮೇಲೆ. ಮೂರನೇ ಸಂಜೆ 700 ದಾಟಿದರೂ ಏನೂ ಸಿಗಲಿಲ್ಲ. ವರ್ಗಮೂಲ ಸುಮಾರು 3703.7, ಅಲ್ಲಿವರೆಗೂ ಹೋಗಬೇಕು ಅನ್ನೋದು ನೆನಪಾಗಿ ಪೆನ್ನು ಕೆಳಗಿಟ್ಟೆ.

ಆಗ ಫ್ರೆಂಚ್ ಗಣಿತಜ್ಞ ಫರ್ಮಾನ ಹಳೇ ಉಪಾಯ ನೆನಪಾಯಿತು. 1643ರಲ್ಲಿ ಒಂದು ಪತ್ರದಲ್ಲಿ ಅವನು ಬರೆದದ್ದು: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಬಂದರೆ, a² − b² ಅನ್ನು (a − b)(a + b) ಅಂತ ಒಡೆದುಬಿಡಬಹುದು. ವರ್ಗಮೂಲಕ್ಕಿಂತ ಸ್ವಲ್ಪ ಮೇಲಿಂದ a ಶುರು ಮಾಡಬೇಕು.

3704ರ ವರ್ಗ 13719616. ಅದರಿಂದ ನಮ್ಮ ಸಂಖ್ಯೆ ಕಳೆದರೆ 2195. ಇದು ವರ್ಗ ಅಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ, ಯಾಕೆಂದರೆ 5ರಲ್ಲಿ ಮುಗಿಯೋ ವರ್ಗಗಳೆಲ್ಲ 25ರಲ್ಲೇ ಮುಗಿಯಬೇಕು. ಮುಂದಿನದು 3705. ವರ್ಗ 13727025, ಕಳೆದರೆ 9604.

9604 ಅಂದರೆ 98ರ ವರ್ಗ! ಎರಡನೇ ಹೆಜ್ಜೆಗೇ! 3705 − 98 = 3607, 3705 + 98 = 3803. ಎರಡೂ ಅವಿಭಾಜ್ಯ. ನಾನು ಹಿಡಿದಿದ್ದ ದಾರಿಯಲ್ಲೇ ಹೋಗಿದ್ದರೆ 3607 ಸಿಗುತ್ತಿದ್ದದ್ದು 504ನೇ ಅವಿಭಾಜ್ಯ ಸಂಖ್ಯೆಯಾಗಿ. ಮೂರು ಸಂಜೆ ನೆನೆಸಿಕೊಂಡು ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಒಡೆದ ಮೇಲೆ ಉಳಿದದ್ದೆಲ್ಲ ಬೇಗ ಬೇಗ ಬಂತು. 3² × 3607 × 3803, ಹಾಗಾಗಿ ಭಾಜಕಗಳು ಒಟ್ಟು 12. 3607 ಮತ್ತು 3803 ಎರಡನ್ನೂ 4ರಿಂದ ಭಾಗಿಸಿದರೆ ಶೇಷ 3, ಅಂಥ ಅವಿಭಾಜ್ಯಗಳು ಇಲ್ಲಿ ಒಂದೊಂದೇ ಸಲ ಬಂದಿವೆ, ಆದ್ದರಿಂದ 123456789 ಅನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗಲ್ಲ. 123456789 ಅನ್ನೇ 4ರಿಂದ ಭಾಗಿಸಿದಾಗ ಶೇಷ 1 ಬಂದಿದ್ದಕ್ಕೆ ಆಗಬಹುದೇನೋ ಅಂದುಕೊಂಡಿದ್ದೆ.

ಗೆದ್ದ ಹುಮ್ಮಸ್ಸಿನಲ್ಲಿ ತಿರುಗುಮುರುಗು ಮಾಡಿ 987654321 ಹಿಡಿದೆ. 9 ತೆಗೆದರೆ 109739369. ನೇರ ಫರ್ಮಾ ಉಪಾಯಕ್ಕೇ ಹೋದೆ, 10476ರಿಂದ ಶುರು ಮಾಡಿ ಒಂದು ಹಾಳೆ ತುಂಬಿದರೂ ವರ್ಗ ಸಿಗಲಿಲ್ಲ. ಬೇಜಾರಾಗಿ ಸುಮ್ನೆ 17ರಿಂದ ಭಾಗಿಸಿ ನೋಡಿದರೆ ಶೇಷ ಸೊನ್ನೆ, ಇನ್ನೊಮ್ಮೆ ಭಾಗಿಸಿದರೂ ಸೊನ್ನೆ, ಉಳಿದದ್ದು 379721 ಅನ್ನೋ ಅವಿಭಾಜ್ಯ. 289 ಎಲ್ಲಿ, 379721 ಎಲ್ಲಿ! ಅವೆರಡರ ಸರಾಸರಿಯೇ ಇಲ್ಲಿ a, ಅದು 190005, ಅಂದರೆ ಫರ್ಮಾನನ್ನೇ ನಂಬಿ ಕೂತಿದ್ದರೆ 1,79,530 ಹೆಜ್ಜೆ.